ಬಾಗಿಲಿಗಿಟ್ಟ ಬೂಟು

"ಆದ್ರೆ ಆ ಬೂಟು ತೆಗೆದುಬಿಡಿ ಟೀಚರ್," ಅಂದ ಆದ್ರಪ್ಪ. "ಅದೊಂದು ತೆಗೆದ್ರೆ ಕಥೆ ಸರಿಹೋಗುತ್ತೆ."

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕಂಪ್ಯೂಟರ್ ಆಟ ಅರ್ಧಕ್ಕೆ ನಿಂತಿತ್ತು. ಭೂಮಿಯಿಂದ ಎಷ್ಟೋ ದೂರದ ಕಗ್ಗತ್ತಲಲ್ಲಿ ತೇಲುವ ಒಂದು ನಿಲ್ದಾಣ, ಅದರ ಹೊಟ್ಟೆಯೊಳಗೆ ಒಂದು ಊರಿನಷ್ಟು ಜನ. ಸಾಮಾನು ಹೊತ್ತ ಹಡಗುಗಳು ಬಂದು ಅಂಟಿಕೊಳ್ಳುವ ಕಡೆ ಒಂದು ಉಕ್ಕಿನ ಬಾಗಿಲು. ಆ ಬಾಗಿಲು ಪೂರ್ತಿ ಮುಚ್ಚಿಕೊಳ್ಳದಂತೆ ಸಂದಿಯಲ್ಲಿ ಯಾರೋ ಒಂದು ಹಳೇ ಬೂಟು ತುರುಕಿದ್ದರು.

ಆ ಸಂದಿಯಿಂದಲೇ ಕಳ್ಳರು ನುಗ್ಗಿ ನಿಲ್ದಾಣದ ಬಿತ್ತನೆ ಬೀಜವನ್ನೆಲ್ಲ ಹೊತ್ತುಕೊಂಡು ಹೋಗುತ್ತಾರೆ. ಆಟ ಆಡುವವರು ತನಿಖೆಗೆಂದು ಬಂದ ಅಧಿಕಾರಿಯಾಗಬೇಕು. ನಿಲ್ದಾಣದ ಓಣಿಗಳಲ್ಲಿ ಅಲೆದು, ಸಿಕ್ಕಸಿಕ್ಕವರನ್ನು ಮಾತಾಡಿಸಿ, ಕೊನೆಗೆ ತಪ್ಪು ಯಾರದೆಂದು ಹೇಳಬೇಕು. ಹಿರಿಯರ ಸಭೆ ಮಾತ್ರ ಅಷ್ಟರೊಳಗೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ತಪ್ಪು ಬಾಗಿಲು ಕಾಯುವ ಹೆಂಗಸಿನದು, ಅವಳನ್ನು ಒಂದು ಪುಟ್ಟ ದೋಣಿಯಲ್ಲಿ ಕೂರಿಸಿ ಆಕಾಶಕ್ಕೆ ಬಿಟ್ಟುಬಿಡಬೇಕು. ಅದಕ್ಕೆ ಹೂಂ ಅನ್ನುವುದೋ ಉಹೂಂ ಅನ್ನುವುದೋ ಆಡುವವರಿಗೆ ಬಿಟ್ಟದ್ದು.

ಈ ಕಥೆಯನ್ನೆಲ್ಲ ಹೆಣೆದವಳು ಟೀಚರ್. ಪ್ರಾಥಮಿಕ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಕಥೆ ಹೇಳಿ ಹೇಳಿ ಗಂಟಲು ಪಳಗಿದ್ದವಳು. ಶಾಲೆಗೆ ಬಾಗಿಲು ಹಾಕಿದ ಮೇಲೆ ಈ ಆಟ ಮಾಡುವ ಆಫೀಸಿಗೆ ಬಂದು ಸೇರಿದ್ದಳು. ಇಲ್ಲಿಯೂ ಎಲ್ಲರಿಗೂ ಟೀಚರೇ. ಅವಳಿಗಿಂತ ಎಷ್ಟೋ ಚಿಕ್ಕವನಾದ ಮಾಲೀಕ ಕೂಡ ಹಾಗೇ ಕರೆಯುತ್ತಿದ್ದ. ಇನ್ನು ಆದ್ರಪ್ಪನಿಗೆ ಅವನ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆಟದಲ್ಲಿ ತಪ್ಪು ಹುಡುಕುವುದು ಅವನ ಕೆಲಸ, ಯಾವ ಮಾತನ್ನೂ 'ಆದ್ರೆ' ಅಂತ ಶುರುಮಾಡದೆ ಅವನಿಗೆ ಗೊತ್ತಿರಲಿಲ್ಲ. ಹೀಗಾಗಿ ಆಫೀಸು ಅವನಿಗೆ ಎರಡನೇ ಸಲ ನಾಮಕರಣ ಮಾಡಿತ್ತು.

ಆದ್ರಪ್ಪ ಅವತ್ತು ಒಂದೊಂದೇ ತಪ್ಪನ್ನು ಬೆರಳು ಮಡಚಿ ತೋರಿಸಿದ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಕಾಲದಲ್ಲಿ ಬಾಗಿಲಿಗೆ ಬೂಟು ಅಡ್ಡ ಇಡುತ್ತಾರೆಯೇ? ಬಾಗಿಲು ತೆರೆದಿದ್ದರೆ ಕೂಗಿಕೊಳ್ಳುವ ಯಂತ್ರ ಇರುವುದಿಲ್ಲವೇ? ಅಷ್ಟು ದೊಡ್ಡ ಉಗ್ರಾಣದ ಪಾಸ್‌ವರ್ಡನ್ನು ಯಾವ ಹುಚ್ಚ ಬಾಗಿಲ ಪಕ್ಕದಲ್ಲೇ ಗೀಚಿಡುತ್ತಾನೆ? ಒಂದೇ ಕಾರ್ಡಿನಲ್ಲಿ ಇಡೀ ಪಾಳಿಯ ಜನ ಒಳಗೆ ಹೊರಗೆ ಓಡಾಡುತ್ತಾರೆಂದರೆ ಕಾರ್ಡು ಯಾಕೆ ಬೇಕಿತ್ತು?

"ಆದ್ರೆ ಟೀಚರ್, ಇಷ್ಟು ದಡ್ಡರು ಆಕಾಶಕ್ಕೆ ಹೋಗಿದ್ದಾದ್ರೂ ಹೇಗೆ?"

ಎಲ್ಲರೂ ನಕ್ಕರು. ಮಾತು ಚೆನ್ನಾಗಿತ್ತು, ಟೀಚರಿಗೂ ನಗು ಬಂತು.

"ದಡ್ಡರಲ್ಲ ಕಣಪ್ಪ," ಅಂದಳು. "ಅವರ ಕೈತುಂಬ ಸಾಮಾನಿತ್ತು, ಅಷ್ಟೆ."

ಮಾಲೀಕ ಮೆದು ಮಾತಿನವನು. ಬೇಡ ಅನ್ನುವುದನ್ನೂ ಬೆನ್ನು ಸವರುವ ದನಿಯಲ್ಲೇ ಹೇಳುತ್ತಿದ್ದ. ಬೂಟು ಅವನಿಗೂ ಹಿಡಿಸಿರಲಿಲ್ಲ. ಕಥೆಗೆ ಒಬ್ಬ ಸರಿಯಾದ ಖಳ ಬೇಕು, ಅವನು ಮಹಾ ಚಾಣಾಕ್ಷನಾಗಿರಬೇಕು, ವರ್ಷಗಟ್ಟಲೆ ಸಂಚು ಹೂಡಿ ಬಾಗಿಲಿನ ಯಂತ್ರಕ್ಕೇ ಮಂಕುಬೂದಿ ಎರಚಬೇಕು, ಆಗಲೇ ಆಡುವವರು ನಂಬುವುದು ಅಂದ. ಮುಂದಿನ ವಾರದೊಳಗೆ ಬದಲಾಯಿಸಿ ಕೊಡಿ ಅಂತಲೂ ಅಂದ. ಟೀಚರು ಆಗುವುದಿಲ್ಲ ಅಂದಳು. ಅವನು ಮುಗುಳ್ನಕ್ಕು, ಯೋಚನೆ ಮಾಡಿ ಅಂದ. ಯೋಚನೆ ಮಾಡಿಯೇ ಹೇಳುತ್ತಿದ್ದೇನೆ ಅಂದಳು. ಸಭೆ ಅಲ್ಲಿಗೆ ಮುಗಿಯಿತು.

ಹೊರಗೆ ಬರುವಾಗ ಟೀಚರ ಕಣ್ಣು ಗಾಜಿನ ಗೋಡೆಯಾಚೆ ಆಫೀಸಿನ ಮುಂಬಾಗಿಲ ಮೇಲೆ ಹೋಯಿತು. ಬಾಗಿಲಿನ ಸಂದಿಯಲ್ಲಿ ನೀಲಿ ರಬ್ಬರಿನ ಚಪ್ಪಲಿಯೊಂದು ಸಿಕ್ಕಿಕೊಂಡಿತ್ತು. ಎಡಗಾಲಿನದು. ಯಾರದೆಂದು ಯಾರಿಗೂ ಗೊತ್ತಿರಲಿಲ್ಲ, ಯಾವಾಗಿನಿಂದ ಅಲ್ಲಿದೆಯೆಂದು ಯಾರೂ ಕೇಳಿರಲಿಲ್ಲ. ಬಾಗಿಲೇನೋ ಕಾರ್ಡು ತೋರಿಸಿದರಷ್ಟೇ ತೆರೆಯುವಂಥದ್ದು. ಆದರೆ ಕಾರ್ಡು ಓದುವ ಯಂತ್ರಕ್ಕೆ ಮೂಡು ಬರಬೇಕು. ಉಜ್ಜಿ, ಒರೆಸಿ, ಮತ್ತೆ ತೋರಿಸಿ, ಅಷ್ಟರಲ್ಲಿ ಕೈಯಲ್ಲಿದ್ದ ಟೀ ತಣ್ಣಗಾಗುತ್ತಿತ್ತು. ಹಾಗಾಗಿ ಕೆಳಗಿಳಿಯುವವರೆಲ್ಲ ಮುಂದಿನ ಮೇಜಿನ ಕಡೆ ತಿರುಗಿ, ಅಕ್ಕ ಚಪ್ಪಲಿ ಇಡಿ, ಈಗ ಬಂದೆ ಅನ್ನುತ್ತಿದ್ದರು. ಅಕ್ಕ ಎದ್ದು ಕಾಲಿನಿಂದ ಚಪ್ಪಲಿಯನ್ನು ಸಂದಿಗೆ ತಳ್ಳುತ್ತಿದ್ದಳು. ಬಾಗಿಲ ಮೇಲೊಂದು ಕ್ಯಾಮೆರಾ ಕೂಡ ಇತ್ತು. ಅದರ ಪ್ಲಗ್ಗು ಕಿತ್ತು ಆ ಜಾಗಕ್ಕೆ ನೀರು ಕಾಯಿಸುವ ಕೆಟಲು ಸಿಕ್ಕಿಸಿದ್ದರು.

ಅಕ್ಕ ಅಂದರೆ ಬೀಗದಕ್ಕ. ಬೆಳಿಗ್ಗೆ ಆಫೀಸು ತೆರೆಯುವವಳು, ಸಂಜೆ ಮುಚ್ಚುವವಳು, ನಡುವೆ ಬಂದವರನ್ನು ಕೂರಿಸಿ ಫೋನು ಎತ್ತುವವಳು. ಬೀಗದಕೈ ಗೊಂಚಲು ಸದಾ ಸೊಂಟದಲ್ಲಿ. ಆಫೀಸು ಒಂದೇ ಕೋಣೆಯಲ್ಲಿದ್ದಾಗಿನಿಂದ ಇದ್ದಳು. ಗಂಡ ತೀರಿಕೊಂಡ ಮೇಲೆ ಅತ್ತೆಯನ್ನು ತಾನೇ ನೋಡಿಕೊಳ್ಳುತ್ತಿದ್ದಳು, ಆ ಅತ್ತೆಯ ಬೈಗುಳಗಳನ್ನು ದಿನಕ್ಕೊಂದರಂತೆ ತಂದು ಎಲ್ಲರಿಗೂ ಹಂಚಿ ನಗಿಸುತ್ತಿದ್ದಳು. ಈ ಕೆಲಸವೊಂದು ಬಿಟ್ಟರೆ ಆ ಮನೆಗೆ ಬೇರೆ ಆಸರೆ ಇರಲಿಲ್ಲ.

ಟೀಚರಿಗೆ ಬೂಟು ಎಲ್ಲಿಂದ ಬಂತೆಂದು ಬೇರೆ ಹೇಳಬೇಕೇ? ಆದ್ರಪ್ಪ ನಗುತ್ತಿದ್ದಾಗ, ಅಲ್ಲಿ ನೋಡು ಅಂತ ಬೆರಳು ತೋರಿಸುವುದಕ್ಕೆ ಅವಳಿಗೆ ಒಂದು ಗಳಿಗೆ ಸಾಕಿತ್ತು. ತೋರಿಸಲಿಲ್ಲ. ತೋರಿಸಿದರೆ ಮೊದಲು ಬೈಸಿಕೊಳ್ಳುವವಳು ಬೀಗದಕ್ಕ ಅಂತ ಗೊತ್ತಿತ್ತು. ಶಾಲೆಯಲ್ಲಿ ಏನಾದರೂ ಒಡೆದಾಗ, ಯಾರು ಒಡೆದದ್ದು ಅಂದರೆ, ಇಡೀ ತರಗತಿ ಒಂದೇ ಹುಡುಗಿಯ ಕಡೆ ಬೆರಳು ಮಾಡುವುದನ್ನು ಅವಳು ಎಷ್ಟು ಸಲ ನೋಡಿರಲಿಲ್ಲ? ಎಲ್ಲರೂ ಆಡಿದ್ದ ಚೆಂಡೇ ಆಗಿರುತ್ತಿತ್ತು. ಬೆರಳುಗಳು ಮಾತ್ರ ಪ್ರತಿಸಲವೂ ಅದೇ ಹುಡುಗಿಯನ್ನು ಹುಡುಕಿಕೊಂಡು ಹೋಗುತ್ತಿದ್ದವು. ಆ ಹುಡುಗಿಗೋಸ್ಕರವೇ ಅವಳು ಈ ಕಥೆ ಬರೆದಿದ್ದಳು ಅಂದರೂ ತಪ್ಪಿಲ್ಲ.

ಆ ವಾರ ಕಳೆಯುವುದರೊಳಗೆ ಆಫೀಸಿನಲ್ಲಿ ಕಳ್ಳತನವಾಯಿತು. ಆಟ ಆಡಿ ನೋಡುವ ಕೋಣೆ ಮುಂಬಾಗಿಲಿಗೆ ಅಂಟಿಕೊಂಡೇ ಇತ್ತು. ಅಲ್ಲಿದ್ದ ಲ್ಯಾಪ್‌ಟಾಪೊಂದು ಹಾಡುಹಗಲೇ ಮಾಯ. ಅದರ ಬೆನ್ನಿಗೆ ಪಾಸ್‌ವರ್ಡಿನ ಚೀಟಿ ಅಂಟಿಸಿದ್ದರು, ಮರೆತುಹೋಗದಿರಲಿ ಅಂತ. ಕೆಲವೇ ದಿನಗಳಲ್ಲಿ ಅರೆಬೆಂದ ಆಟ ಇಂಟರ್ನೆಟ್ಟಿಗೆ ಬಂದು ಬಿತ್ತು. ಯಾರು ಯಾರೋ ಆಡಿದರು, ಯಾರು ಯಾರೋ ಆಡಿಕೊಂಡರು. ಆಟವನ್ನು ಕೊಳ್ಳಲಿದ್ದ ದೊಡ್ಡ ಕಂಪನಿಯಿಂದ ಮಾಲೀಕನಿಗೆ ಮೇಲಿಂದ ಮೇಲೆ ಫೋನು.

ಮಾಲೀಕ ಮೊದಲು ಕಂಗಾಲಾದ, ಆಮೇಲೆ ಒಂದು ಬಗೆಯ ಹುರುಪಿಗೆ ಬಿದ್ದ. ಇದು ಸಾಮಾನ್ಯರ ಕೆಲಸವಲ್ಲ, ಎದುರಾಳಿ ಆಫೀಸಿನವರ ಕೈವಾಡ, ನಮ್ಮ ಕಾರ್ಡನ್ನು ನಕಲು ಮಾಡಿದ್ದಾರೆ, ತಿಂಗಳುಗಟ್ಟಲೆ ಹೊಂಚುಹಾಕಿದ್ದಾರೆ ಅಂದ. ಆದ್ರಪ್ಪ ಬಿಳಿ ಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಳ್ಳರು ಬಂದ ದಾರಿಯನ್ನೆಲ್ಲ ಬಿಡಿಸಿದ. ಕಿಟಕಿ, ಮಾಳಿಗೆ, ಲಿಫ್ಟಿನ ಹೊಂಡ, ಒಂದನ್ನೂ ಬಿಡಲಿಲ್ಲ. ತಮ್ಮನ್ನು ದೋಚಲು ಅಷ್ಟು ದೊಡ್ಡ ಬುದ್ಧಿವಂತ ಬೇಕಾಯಿತು ಅನ್ನುವುದು ಎಲ್ಲರಿಗೂ ಒಳಗೊಳಗೇ ಖುಷಿ ಕೊಟ್ಟಿತ್ತು. ಯಾರೂ ಬಾಗಿಲ ಹೆಸರೆತ್ತಲಿಲ್ಲ. ಚಪ್ಪಲಿ ಮಾತ್ರ ಮಾರನೆಯ ದಿನದಿಂದ ಅಲ್ಲಿರಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ಬೀಗದಕ್ಕ ಟೀಚರ ಕೈಹಿಡಿದು ನಿಲ್ಲಿಸಿದಳು. ಚಪ್ಪಲಿ ತಾನೇ ತೆಗೆದೆ ಅಂದಳು. ಕಳ್ಳತನವಾದ ಮಧ್ಯಾಹ್ನ ಹೊಸ ಕುರ್ಚಿಗಳು ಬಂದಿದ್ದವಲ್ಲ, ಅವತ್ತು ಬಾಗಿಲು ಸಂಜೆ ಟೀ ಹೊತ್ತಿನವರೆಗೂ ಬಾ ಅಂತ ಬಾಯಿ ತೆರೆದುಕೊಂಡೇ ಇತ್ತು ಅಂದಳು. ಟೀಚರಿಗೂ ನೆನಪಿತ್ತು. ಕುರ್ಚಿ ಹೊತ್ತವರ ಹಿಂದೆ ಯಾರು ಬಂದರು ಯಾರು ಹೋದರು ಅಂತ ನೋಡುವ ವ್ಯವಧಾನ ಯಾರಿಗಿತ್ತು?

"ಚಪ್ಪಲಿ ಇಟ್ಟವರು ಯಾರು ಅವತ್ತು?" ಟೀಚರು ಕೇಳಿದಳು, ಗೊತ್ತಿದ್ದೂ.

"ಸರ್ರೇ ಇಟ್ಟಿದ್ದು. ಕೈಯಲ್ಲಿ ಕುರ್ಚಿ ಹಿಡ್ಕೊಂಡು ಕಾಲಲ್ಲಿ ತಳ್ಳಿದ್ರು." ಬೀಗದಕ್ಕ ದನಿ ತಗ್ಗಿಸಿದಳು. "ಅವರಿಗೆ ಮರೆತೇಹೋಗಿದೆ ಟೀಚರ್. ನಾಟಕ ಅಲ್ಲ, ನಿಜವಾಗ್ಲೂ ಮರೆತಿದಾರೆ."

ನಾಟಕವಾಗಿದ್ದರೆ ಟೀಚರಿಗೆ ಎದುರಿಸುವುದು ಸುಲಭವಿತ್ತು.

ದೊಡ್ಡ ಕಂಪನಿಯವರು ತನಿಖೆಗೆಂದು ಒಬ್ಬ ಹೆಂಗಸನ್ನು ಕಳಿಸಿದರು. ಅಚ್ಚುಕಟ್ಟಾದ ಬಟ್ಟೆ, ಅಚ್ಚುಕಟ್ಟಾದ ಮಾತು. ಆಕೆ ಆದ್ರಪ್ಪನ ಬಾಣಗಳನ್ನು ಒಂದು ಸಲ ನೋಡಿ, ಮುಂಬಾಗಿಲಿಗೆ ಹೋಗಿ, ಅದನ್ನು ತೆರೆದು ಮುಚ್ಚಿ ಮಾಡಿದಳು. ಕೆಳಗಂಚಿನಲ್ಲಿ ನೀಲಿ ರಬ್ಬರು ಉಜ್ಜಿದ ಗುರುತು ದಟ್ಟವಾಗಿತ್ತು. ಕೆಟಲಿನ ತಂತಿಯನ್ನೂ ನೋಡಿದಳು. ಮಹಾ ಚಾಣಾಕ್ಷ ಖಳ ಅಲ್ಲಿಗೆ ಸತ್ತ. ಆಮೇಲೆ ಆಕೆ ಒಂದೇ ಪ್ರಶ್ನೆ ಕೇಳಿದ್ದು: ಬಾಗಿಲ ಜವಾಬ್ದಾರಿ ಯಾರದು?

ಯಾರೂ ಹೆಸರು ಹೇಳಬೇಕಾಗಲಿಲ್ಲ. ಎಲ್ಲರ ಕಣ್ಣೂ ಒಟ್ಟಿಗೇ ಮುಂದಿನ ಮೇಜಿನ ಕಡೆ ಹೋಯಿತು. ಟೀಚರ ಕಣ್ಣೂ ಹೋಯಿತು. ಹೋದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸಂಜೆ ಮಾಲೀಕ ಅವಳನ್ನು ಒಳಗೆ ಕರೆದು ಕೂರಿಸಿ ಟೀ ತರಿಸಿದ. ಕಂಪನಿಯವರಿಗೆ ನಾಳೆಯೇ ಒಂದು ವರದಿ ಬೇಕು, ಏನಾಯಿತು, ಯಾರಿಂದಾಯಿತು ಅಂತ ಸ್ಪಷ್ಟವಾಗಿರಬೇಕು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರಬಾರದು ಅಂದ. ಬರವಣಿಗೆ ನಿಮ್ಮದು ಚೆನ್ನಾಗಿದೆ, ನೀವೇ ಬರೆದುಕೊಡಿ. ಬೀಗದಕ್ಕ ಬಾಗಿಲು ತೆರೆದಿಡುತ್ತಿದ್ದರು ಅನ್ನುವುದೇನೂ ಸುಳ್ಳಲ್ಲವಲ್ಲ? ಅವರನ್ನು ಮರ್ಯಾದೆಯಿಂದಲೇ ಕಳಿಸೋಣ. ಕಂಪನಿಗೆ ಸಮಾಧಾನವಾದರೆ ಆಟ ಉಳಿಯುತ್ತದೆ, ನಾವೆಲ್ಲ ಉಳಿಯುತ್ತೇವೆ.

ಆಮೇಲೆ ಅವನು ನಕ್ಕ. "ಇನ್ನೊಂದು ವಿಷಯ ಟೀಚರ್. ಬೂಟು ಇರ್ಲಿ. ನೀವೇ ಗೆದ್ರಿ. ಹೀಗೂ ಆಗುತ್ತೆ ಅಂತ ಈಗ ಗೊತ್ತಾಯ್ತಲ್ಲ. ಬೂಟು, ಆ ಕಾವಲಿನ ಹೆಂಗಸು, ಏನನ್ನೂ ಮುಟ್ಟಲ್ಲ. ನಿಮ್ಮ ಕಥೆ ನೀವು ಬರೆದ ಹಾಗೇ ಹೋಗುತ್ತೆ."

ಅವನು ಲಂಚ ಕೊಡುತ್ತಿದ್ದೇನೆ ಅಂದುಕೊಂಡಿರಲಿಲ್ಲ. ಒಳ್ಳೆಯ ಸುದ್ದಿ ಕೊಡುತ್ತಿದ್ದೇನೆ ಅಂದುಕೊಂಡಿದ್ದ. ಟೀಚರು ಟೀ ಮುಟ್ಟದೆ ಎದ್ದು ಬಂದಳು.

ಮನೆಯ ಮುಂದಿನ ಕೋಣೆಯಲ್ಲಿ ಗಂಡ ಯಾರದೋ ಫ್ಯಾನಿನ ಹೊಟ್ಟೆ ಬಗೆದು ಕೂತಿದ್ದ. ಕೆಟ್ಟ ಫ್ಯಾನು ಮಿಕ್ಸಿಗಳೇ ಅವನ ನೆಂಟರು. ಅವಳು ಚಪ್ಪಲಿ ಬಿಡುವ ಸದ್ದಿನಲ್ಲೇ ಅವನಿಗೆ ಏನೋ ಆಗಿದೆ ಅಂತ ತಿಳಿಯಿತು. ಅವಳು ಎಲ್ಲವನ್ನೂ ಹೇಳಿದಳು. ಅವನು ತಿರುಪುಗಳನ್ನು ಒಂದು ಮುಚ್ಚಳದೊಳಗೆ ಹಾಕುತ್ತಾ ಕೇಳಿದ.

"ಕೆಲಸಾನೂ ಉಳಿಯುತ್ತೆ, ಬೂಟೂ ಉಳಿಯುತ್ತೆ. ಬರೆದುಕೊಡು ಮತ್ತೆ, ಇನ್ನೇನು ಬೇಕು?"

"ನೀವೂ ಹೀಗಂತೀರಲ್ಲ ರೀ."

"ನಾಳೆ ನಾಲ್ಕು ಜನ ಅನ್ನೋದನ್ನ ನಾನು ಇವತ್ತೇ ಅಂದೆ. ನನ್ನ ಎದುರಿಗೆ ಉತ್ತರ ಹೇಳಿ ರೂಢಿ ಮಾಡ್ಕೋ. ನಾಳೆ ನಾಲಿಗೆ ತಡವರಿಸಲ್ಲ."

ಅವಳಿಗೆ ಸಿಟ್ಟು ಬಂದದ್ದೂ ನಿಜ, ನಗು ಬಂದದ್ದೂ ನಿಜ. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು. ತನ್ನ ಕಥೆಯ ಕಾವಲಿನ ಹೆಂಗಸು ಉಳಿಯಬೇಕಾದರೆ ಬೀಗದಕ್ಕ ಹೋಗಬೇಕಂತೆ. ಎಂಥ ವ್ಯಾಪಾರ! ಮೈಯೆಲ್ಲ ಉರಿಯಿತು. ಆದರೂ ಬೂಟಿನ ಆಸೆ ಅವಳನ್ನು ಪೂರ್ತಿ ಬಿಟ್ಟಿರಲಿಲ್ಲ. ಅಷ್ಟು ವರ್ಷ ಬೇರೆಯವರ ಕಥೆಗಳನ್ನೇ ಮಕ್ಕಳಿಗೆ ಹೇಳಿದವಳು ಅವಳು. ತನ್ನದು ಅಂತ ಬರೆದದ್ದು ಇದೊಂದೇ, ಅದು ಕಣ್ಣೆದುರಿಗೆ ಹಾಳಾಗುವುದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ.

ಬೆಳಿಗ್ಗೆ ಅವಳು ಬೇಗ ಹೋದಳು. ಬೀಗದಕ್ಕ ಆಗಲೇ ಬಂದು ಮೇಜು ಒರೆಸುತ್ತಿದ್ದಳು. ವರದಿಯ ವಿಷಯ ಅವಳ ಕಿವಿಗೂ ಬಿದ್ದಿತ್ತು. ನನ್ನಿಂದ ನಿಮ್ಮ ಆಟ ಕೆಡುವುದು ಬೇಡ, ಬರೆದುಕೊಡಿ, ನಾನೇನೂ ಅಂದುಕೊಳ್ಳುವುದಿಲ್ಲ ಅಂದಳು. ಹೇಳುವಾಗ ಮೇಜಿನ ಒಂದೇ ಕಡೆಯನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ಆಮೇಲೆ ಬಟ್ಟೆ ಕೆಳಗಿಟ್ಟಳು.

"ನಿಮ್ಮ ಕಥೇಲಿ ಆ ಹೆಂಗಸನ್ನ ಏನ್ ಮಾಡ್ತಾರೆ ಟೀಚರ್?"

"ದೋಣೀಲಿ ಕೂರಿಸಿ ಬಿಟ್ಟುಬಿಡ್ತಾರೆ."

"ಯಾರೂ ತಡೆಯಲ್ವಾ?"

"ಆಡೋರು ತಡೀಬಹುದು. ಇಲ್ಲಿ ಆಡಿ ನೋಡಿದವರಲ್ಲಿ ಹೆಚ್ಚಿನವರು ತಡೀಲಿಲ್ಲ."

"ಅವಳೇ ಏನೂ ಅನ್ನಲ್ವಾ? ಸುಮ್ಮನೆ ಹೋಗಿ ಕೂತ್ಕೋತಾಳಾ?"

ಟೀಚರ ಕಥೆಯಲ್ಲಿ ಆ ಹೆಂಗಸಿಗೆ ಅಲ್ಲಿ ಒಂದು ಮಾತನ್ನೂ ಬರೆದಿರಲಿಲ್ಲ. ಬೂಟಿನ ಮೇಲೆ ಅಷ್ಟೊಂದು ಜಗಳವಾಡಿದ್ದಳು, ಇದು ಅವಳಿಗೆ ಹೊಳೆದೇ ಇರಲಿಲ್ಲ.

ಹತ್ತು ಗಂಟೆಗೆ ಎಲ್ಲರೂ ದೊಡ್ಡ ಕೋಣೆಯಲ್ಲಿ ಸೇರಿದರು. ತನಿಖೆಯ ಹೆಂಗಸು ಒಂದು ತುದಿಗೆ, ಮಾಲೀಕ ಅವಳ ಪಕ್ಕಕ್ಕೆ. ಬೀಗದಕ್ಕನನ್ನೂ ಕರೆಸಿದ್ದರು, ಅವಳು ಕುರ್ಚಿಯಿದ್ದರೂ ಕೂರದೆ ಗೋಡೆಗೊರಗಿ ನಿಂತಿದ್ದಳು. ಮಾಲೀಕ ಟೀಚರ ಖಾಲಿ ಕೈ ನೋಡಿ ಹುಬ್ಬೇರಿಸಿದ.

"ಬರ್ಕೊಂಡು ಬಂದಿಲ್ವಾ?"

"ಬಾಯಲ್ಲೇ ಹೇಳ್ತೀನಿ ಸರ್. ಅದೇ ರೂಢಿ."

ಅವಳು ಎದ್ದು ನಿಂತು, ತರಗತಿಯಲ್ಲಿ ಹೇಳುವ ಹಾಗೆ, ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದಳು. ಒಂದು ಊರಿನಲ್ಲಿ ಒಂದು ಆಫೀಸಿತ್ತು ಅಂತ ಶುರುಮಾಡಿದಳು. ಕಾರ್ಡು ಓದದ ಯಂತ್ರದ ವಿಷಯ ಹೇಳಿದಳು, ಅದನ್ನು ರಿಪೇರಿ ಮಾಡಿಸಿ ಅಂತ ಬೀಗದಕ್ಕ ಕೇಳಿಕೊಂಡದ್ದನ್ನೂ, ಆಮೇಲೆ ನೋಡೋಣ ಅಂದವರನ್ನೂ ಹೇಳಿದಳು. ಕ್ಯಾಮೆರಾದ ಪ್ಲಗ್ಗು ಕಿತ್ತ, ಆಟಕ್ಕೆ ಚಿತ್ರ ಬಿಡಿಸುವವನನ್ನು ಹೇಳಿದಳು, ಆ ಕೆಟಲಿನ ನೀರು ಕುಡಿದ ಎಲ್ಲರನ್ನೂ ಹೇಳಿದಳು. ಲ್ಯಾಪ್‌ಟಾಪಿನ ಬೆನ್ನಿಗೆ ಚೀಟಿ ಅಂಟಿಸಿದ, ಆಟಕ್ಕೆ ಸಂಗೀತ ಕೂಡಿಸುವವಳನ್ನು ಹೇಳಿದಳು. ದಿನಾ ಸಿಗರೇಟಿಗೆ ಇಳಿಯುತ್ತಾ ಅಕ್ಕ ಚಪ್ಪಲಿ ಇಡಿ ಅಂದವರನ್ನು ಅವರವರ ಕೆಲಸದ ಹೆಸರು ಹಿಡಿದು ಕರೆದಳು. ಕರೆಸಿಕೊಂಡವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಕೊನೆಗೆ ಕುರ್ಚಿ ಬಂದ ಮಧ್ಯಾಹ್ನಕ್ಕೆ ಬಂದಳು.

"ಅವತ್ತು ಚಪ್ಪಲಿಯನ್ನ ಬಾಗಿಲಿಗೆ ತಳ್ಳಿದ್ದು ಮಾಲೀಕರ ಕಾಲು. ಅವರು ಕೆಟ್ಟವರಲ್ಲ, ಅವರ ಕೈತುಂಬ ಸಾಮಾನಿತ್ತು. ಅದಾದ ಮೇಲೆ ಆ ಚಪ್ಪಲಿ ದಾಟ್ಕೊಂಡು ನಾನೂ ಹೋಗಿ ಬಂದೆ. ಬಗ್ಗಿ ತೆಗೀಬೇಕು ಅಂತ ನನಗೂ ಅನ್ನಿಸ್ಲಿಲ್ಲ. ಇದರಲ್ಲಿ ಬೀಗದಕ್ಕನ ಪಾಲೂ ಇದೆ. ಅವರ ಪಾಲೊಂದೇ ಇಲ್ಲ."

ಮಾಲೀಕನ ಮುಖ ಕೆಂಪಾಗಿ, ಆಮೇಲೆ ಬಿಳುಚಿತು. ಅವನಿಗೆ ಆ ಗಳಿಗೆಯಲ್ಲಿ ನೆನಪು ಬಂದದ್ದು ಎಲ್ಲರಿಗೂ ಕಾಣಿಸಿತು. ತನಿಖೆಯ ಹೆಂಗಸು ಲೇಖನಿ ಕೆಳಗಿಟ್ಟಳು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು.

"ಇಡೀ ಆಫೀಸು ಒಂದು ಚಪ್ಪಲಿ ದಾಟ್ಕೊಂಡು ಓಡಾಡ್ತು, ಯಾರಿಗೂ ಏನೂ ಅನ್ನಿಸ್ಲಿಲ್ಲ. ಇದನ್ನ ನಾನು ಮೇಲಿನವರಿಗೆ ಹೇಳ್ಬೇಕಾ? ಯಾರು ನಂಬ್ತಾರೆ?"

"ಆದ್ರೆ," ಅಂದಿತು ಒಂದು ದನಿ.

ಎಲ್ಲರೂ ತಿರುಗಿದರು. ಈ ಮಾತಿನ ಮುಂದೆ ಏನು ಬರುತ್ತದೆಂದು ಟೀಚರಿಗೆ ವರ್ಷಗಳ ಅನುಭವದಿಂದ ಗೊತ್ತಿತ್ತು. ಆದ್ರಪ್ಪ ಎದ್ದು ನಿಂತಿದ್ದ.

"ಆದ್ರೆ ಟೀಚರ್ ನನ್ನನ್ನ ಪೂರ್ತಿ ಹೇಳಿಲ್ಲ. ಆ ಚಪ್ಪಲಿ ನಂದೇ. ಬಲಗಾಲಿಂದು ಕಿತ್ತುಹೋಗಿತ್ತು, ಇದನ್ನ ಬಾಗಿಲಿಗಾಗುತ್ತೆ ಅಂತ ನಾನೇ ತಂದಿಟ್ಟಿದ್ದು." ಅವನು ತನಿಖೆಯ ಹೆಂಗಸಿನ ಕಡೆ ತಿರುಗಿದ. "ಬೂಟು ನೋಡಿ ಅಷ್ಟು ನಕ್ಕೆನಲ್ಲ, ಆಗ್ಲೂ ನನಗೆ ನೆನಪಾಗ್ಲಿಲ್ಲ ಮೇಡಂ. ಯಾರು ನಂಬ್ತಾರೆ ಅಂದ್ರಲ್ಲ. ನಾನು ನಂಬ್ತೀನಿ."

ಯಾರೋ ಒಬ್ಬರು ಹಿಂದೆ ಕುರ್ಚಿ ಸರಿಸಿದರು. ಪ್ಲಗ್ಗು ಕಿತ್ತದ್ದು ಹೌದು ಅಂತ ಚಿತ್ರದವನು ಮೆಲ್ಲಗೆ ಅಂದ. ಚೀಟಿ ತನ್ನದೇ ಕೈಬರಹ ಅಂತ ಸಂಗೀತದವಳು ಅಂದಳು. ಹೇಳಿದವರಿಗೆ ಹಗುರವಾಯಿತೋ ಹೆದರಿಕೆಯಾಯಿತೋ, ಕೋಣೆಯಲ್ಲಿ ಒಂದು ಥರದ ಗುಸುಗುಸು ಎದ್ದಿತು.

ತನಿಖೆಯ ಹೆಂಗಸು ಕೈ ಎತ್ತಿ ಸುಮ್ಮನಾಗಿಸಿದಳು. ಇವರು ಹೇಳುವುದು ನಿಜವೇ ಇರಬಹುದು, ಆದರೆ ಕಂಪನಿಯವರಿಗೆ ಇದೆಲ್ಲ ಬೇಡ, ಒಬ್ಬರ ಹೆಸರು ಬೇಕು ಅಂದಳು. ಅದಿಲ್ಲದೆ ತಾನು ಇಲ್ಲಿಂದ ಏಳುವ ಹಾಗಿಲ್ಲ ಅಂತಲೂ ಅಂದಳು.

"ಒಂದೇ ಹೆಸರು ಬೇಕಾದ್ರೆ ಈ ಆಫೀಸಿನ ಹೆಸರು ಬರ್ಕೊಳ್ಳಿ," ಅಂದಳು ಟೀಚರ್.

ಮಾಲೀಕನ ಮೆದು ದನಿ ಮೊದಲ ಸಲ ಒಡೆಯಿತು. ಅವನಿಗೂ ಭಯವಿತ್ತು, ಅಷ್ಟು ಜನರ ಅನ್ನ ಅವನ ಕೊರಳಿಗೆ ಕಟ್ಟಿತ್ತು. ಹೀಗೆ ಮಾತಾಡುವುದಾದರೆ ಬೂಟೂ ಇಲ್ಲ, ಕಾವಲಿನ ಹೆಂಗಸೂ ಇಲ್ಲ, ಇವತ್ತೇ ಎರಡನ್ನೂ ಕಿತ್ತು ಹಾಕಿಸುತ್ತೇನೆ ಅಂದ. ಟೀಚರು ನೋವನ್ನು ಮುಖದ ಮೇಲೆ ಬರಗೊಡಲಿಲ್ಲ.

"ತೆಗೀರಿ ಸರ್. ಬೇರೆ ಯಾರ ಕೈಲಾದ್ರೂ ಬರೆಸಿ. ನನ್ನ ಹೆಸರೊಂದು ಅದರ ಮೇಲೆ ಬೇಡ."

ಅವನು ಗೋಡೆಗೊರಗಿ ನಿಂತ ಬೀಗದಕ್ಕನ ಕಡೆ ತಿರುಗಿದ. ತಗ್ಗಿದ ದನಿಯಲ್ಲಿ, ಬೀಗದಕೈ ಕೊಟ್ಟುಬಿಡಿ ಅಕ್ಕ, ದಯವಿಟ್ಟು ತಪ್ಪು ತಿಳೀಬೇಡಿ ಅಂದ. ಮೇಜಿನ ಮೇಲೆ ಅಂಗೈ ಚಾಚಿದ.

ಬೀಗದಕ್ಕ ಸೊಂಟದ ಗೊಂಚಲ ಮೇಲೆ ಕೈಯಿಟ್ಟಳು. ಅಷ್ಟು ಹೊತ್ತೂ ಅವಳು ಒಂದು ಮಾತಾಡಿರಲಿಲ್ಲ. ಅವಳ ಪರವಾಗಿ ಮಾತಾಡುತ್ತಿದ್ದವರು ಕೂಡ ಅವಳು ಅಲ್ಲಿ ನಿಂತಿರುವುದನ್ನು ಮರೆತಿದ್ದರು, ಟೀಚರೂ ಸೇರಿದಂತೆ.

"ಕೊಡಲ್ಲ ಸರ್," ಅಂದಳು.

ಮಾಲೀಕನ ಅಂಗೈ ಹಾಗೇ ಉಳಿಯಿತು.

"ಬಾಗಿಲು ತೆರೆದಿಟ್ಟಿದ್ದು ಹೌದು. ಚಪ್ಪಲಿ ಇಡಿ ಅಂದವರಿಗೆಲ್ಲ ಇಟ್ಟೆ, ನಿಮಗೂ ಇಟ್ಟೆ. ಬೈತೀರಾ, ಬೈಸ್ಕೋತೀನಿ. ಆದ್ರೆ ಮನೆಗೆ ಹೋಗು ಅಂತಾದ್ರೆ ಮೊದಲು ಇವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ. ನಿಮ್ಮನ್ನೂ ಅವರು ಕೇಳ್ಲಿ." ಅವಳು ತನಿಖೆಯ ಹೆಂಗಸಿನ ಕಡೆ ಗಲ್ಲವೆತ್ತಿದಳು. "ಎಲ್ಲರದೂ ಆದ್ಮೇಲೆ ಕೊನೇಲಿ ನನ್ನ ಹತ್ರ ಬನ್ನಿ. ಅಲ್ಲೀವರೆಗೂ ಬೀಗದಕೈ ನನ್ನ ಹತ್ರಾನೇ ಇರುತ್ತೆ. ನನ್ನ ಮೇಲೊಂದೇ ಗೂಬೆ ಕೂರಿಸಿ ಕಳಿಸೋದಾದ್ರೆ ನಾನು ಹೋಗಲ್ಲ."

ಅವಳ ಕಾಲು ಕದಲಲಿಲ್ಲ. ಟೀಚರಿಗೆ ಕಣ್ಣು ತುಂಬಿ ಬಂತು, ತಾನು ಕಥೆಯಲ್ಲಿ ಬರೆಯದೆ ಬಿಟ್ಟದ್ದು ಇದೇ ಅಂತ ಅವಳಿಗೆ ಅನ್ನಿಸಿತು. ಬರೆದಿದ್ದರೆ ತಾನು ಇದನ್ನು ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ ಅಂತಲೂ ಅನ್ನಿಸಿತು.

ತನಿಖೆಯ ಹೆಂಗಸು ಲೇಖನಿ ಎತ್ತಿಕೊಂಡು, ಪುಟ ಮಗುಚಿ, ಮಾಲೀಕನ ಕಡೆ ಕುರ್ಚಿ ತಿರುಗಿಸಿದಳು. ಕಾರ್ಡಿನ ಯಂತ್ರ ಕೆಟ್ಟಿದೆ ಅಂತ ನಿಮಗೆ ಮೊದಲು ತಿಳಿದದ್ದು ಯಾವಾಗ ಅಂತ ಕೇಳಿದಳು. ಮಾಲೀಕ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ.

ಹೊರಗೆ ಮುಂದಿನ ಮೇಜಿನ ಮೇಲೆ ಫೋನು ರಿಂಗಾಯಿತು. ಯಾರೂ ಏಳಲಿಲ್ಲ. ಅದು ನಿಂತು, ಮತ್ತೆ ಶುರುವಾಯಿತು. ಬೀಗದಕ್ಕ ಸೆರಗು ಸರಿಮಾಡಿಕೊಂಡು ಯಾರ ಅಪ್ಪಣೆಯನ್ನೂ ಕೇಳದೆ ಹೊರಗೆ ನಡೆದಳು. ಗಾಜಿನಾಚೆ ಅವಳು ತನ್ನ ಕುರ್ಚಿಯಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ರಿಸೀವರು ಎತ್ತುವುದು ಕಾಣಿಸಿತು.

"ನಮಸ್ಕಾರ, ಹೇಳಿ. ಸರ್ ಇದಾರೆ. ತನಿಖೆಯಲ್ಲಿದಾರೆ, ಸ್ವಲ್ಪ ತಡ ಆಗುತ್ತೆ. ಕಾಯ್ತೀರಾ?"

ಆ ಕಡೆಯವರು ಏನೋ ಕೇಳಿರಬೇಕು. ಅವಳು ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.